ಅರ್ಧ ಅಶ್ವಶಕ್ತಿಯ ಗ್ರೈಂಡರು

ಅಚ್ಚಾದ ಅಕ್ಷರವನ್ನು ನಂಬುವುದು ನನ್ನ ಹುಟ್ಟುಗುಣ. ಬಾಯಲ್ಲಿ ಹೇಳಿದರೆ ನೂರು ಅನುಮಾನ ಪಡುವ ನಾನು, ಅದೇ ಮಾತನ್ನು ಯಾರಾದರೂ ತಗಡಿನ ಮೇಲೆ ಅಚ್ಚು ಹಾಕಿಸಿ ನಾಲ್ಕು ಮೂಲೆಗೆ ಮೊಳೆ ಹೊಡೆದರೆ ತಲೆಬಾಗಿ ಒಪ್ಪಿಕೊಳ್ಳುತ್ತೇನೆ. ದಾದರಿನಲ್ಲಿ ಫಾಸ್ಟ್ ಎಂದು ಬೋರ್ಡು ನೋಡಿ ಹತ್ತಿದ ಲೋಕಲ್ ರೈಲು ಎಲ್ಲ ಸ್ಟೇಷನ್ನಿನಲ್ಲೂ ನಿಂತಾಗ, ಬೋರ್ಡು ಸರಿಯಾಗಿಯೇ ಇದೆ, ಡ್ರೈವರನಿಗೆ ಗೊತ್ತಾಗಿಲ್ಲ ಎಂದು ಪಕ್ಕದವರೊಡನೆ ವಾದಿಸಿದವನು ನಾನು. ಇಂಥವನಿಗೆ ಅಚ್ಚಾದ ಅಕ್ಷರವೇ ಮೋಸ ಮಾಡಿದರೆ ಬರುವ ಕೋಪ ಸಾಮಾನ್ಯದ್ದಲ್ಲ. ಆ ಗ್ರೈಂಡರ್ ಕಂಪನಿಯವರ ಮೇಲೆ ಬಂದ ಕೋಪ ಇವತ್ತಿಗೂ ಪೂರ್ತಿ ಇಳಿದಿಲ್ಲ. ಇದನ್ನು ಬರೆಯುವಾಗಲೂ ಕಿವಿ ಬಿಸಿಯಾಗುತ್ತಿದೆ.

ಆಂಟಾಪ್ ಹಿಲ್ ಕಾಲೊನಿಯ ಮೂರನೇ ಮಹಡಿಯ ನಮ್ಮ ಮನೆಯಲ್ಲಿ ಇಡ್ಲಿಗೆ ರುಬ್ಬುತ್ತಿದ್ದವಳು ನಮ್ಮಮ್ಮ. ಹೆಂಡತಿ ಸುಮಿತ್ರ ನನಗಿಂತ ಮುಂಚೆ ಆಫೀಸಿಗೆ ಹೋಗಿ ನನಗಿಂತ ತಡವಾಗಿ ಬರುವವಳು. ಅಮ್ಮ ಮೈಸೂರಿನಿಂದ ಬರುವಾಗ ಒರಳುಕಲ್ಲನ್ನೂ ಜೊತೆಗೆ ತಂದಿದ್ದಳು. ಅವಳ ಬಲ ರಟ್ಟೆ ಮೇಲೆತ್ತಲಾಗದಷ್ಟು ನೋಯತೊಡಗಿ, ಇನ್ನು ರುಬ್ಬಿದರೆ ಕೈ ಕೂತುಹೋಗುತ್ತದೆ ಎಂದು ಡಾಕ್ಟರು ಗದರಿದ ಮೇಲೆ ಮಾಟುಂಗಾದ ಅಂಗಡಿಯಿಂದ ವೆಟ್ ಗ್ರೈಂಡರ್ ತಂದೆ. ಅದರ ಎದೆಯ ಮೇಲಿನ ತಗಡಿನಲ್ಲಿ ಸ್ಪಷ್ಟವಾಗಿ ಅಚ್ಚಾಗಿತ್ತು: ಅರ್ಧ ಅಶ್ವಶಕ್ತಿ, ಎರಡು ಕಿಲೋ, ಅರ್ಧ ಗಂಟೆ ನಿಲ್ಲದೆ ಓಡುತ್ತದೆ. ಓದಿದವನೇ ಒರಳುಕಲ್ಲನ್ನು ಎದುರು ಬಿಲ್ಡಿಂಗಿನವರಿಗೆ ದಾನ ಮಾಡಿದೆ.

ಯಂತ್ರ ಓಡಿದ್ದು ಎಂಟು ನಿಮಿಷ. ಆಮೇಲೆ ಮುಲುಗಿತು, ಸುಟ್ಟ ವಾಸನೆ ಬಿಟ್ಟಿತು, ನಿಂತಿತು. ಅದು ತಣ್ಣಗಾಗುವ ತನಕ ಅಮ್ಮ ಮುಂದೆ ಕೂತು ಕಾಯಬೇಕು, ಹಿಟ್ಟಿನಲ್ಲಿ ಹೂತು ಕೂತ ಗುಂಡನ್ನು ಅದೇ ಬಲಗೈಯಿಂದ ಅಲ್ಲಾಡಿಸಿ ಬಿಡಿಸಬೇಕು, ಮತ್ತೆ ಎಂಟು ನಿಮಿಷ. ಹದಿನೈದು ದಿನದಲ್ಲಿ ರಟ್ಟೆ ಮೊದಲಿಗಿಂತ ಹೆಚ್ಚು ಊದಿತು. ಅಂಗಡಿಯವನ ಬಳಿ ಹೋಗಿ ತಗಡಿನಲ್ಲಿ ಹೀಗೆ ಬರೆದಿದೆಯಲ್ಲ ಎಂದೆ. ಅವನು ಪಾನ್ ಜಗಿಯುವುದನ್ನೂ ನಿಲ್ಲಿಸದೆ, "ಲಿಖಾ ಹೈ ತೋ ಲಿಖಾ ಹೈ, ಸಾಬ್. ಮಷೀನ್ ತೋ ಮಷೀನ್ ಹೈ" ಎಂದ, ಬರೆದದ್ದು ಬರೆದದ್ದು, ಯಂತ್ರ ಯಂತ್ರವೇ ಎನ್ನುವಂತೆ. ಧಾರಾವಿಯಲ್ಲಿ ಮೋಟಾರು ರಿವೈಂಡಿಂಗ್ ಮಾಡುವ ವಿಜಾಪುರದ ಕಡೆಯ ಮೆಕ್ಯಾನಿಕ್ಕನ್ನು ಮನೆಗೆ ಕರೆತಂದೆ. ಅವನು ಬಗ್ಗಿ ನೋಡಿ ನಕ್ಕುಬಿಟ್ಟ. "ಅರ್ಧ ಎಚ್‌ಪಿ ಎಲ್ಲೀದ್ರಿ ಸರ, ಇದು ಕಾಲ್ ಎಚ್‌ಪಿ ಮೋಟಾರ್ ಐತಿ. ತಗಡಿನ ಮ್ಯಾಲ ಬರಿಯಾಕ ಏನ್ ಹೋಗತೈತ್ರಿ ಅವರಿಗೆ?"

ನನ್ನ ಮೈಯೆಲ್ಲ ಉರಿಯಿತು. ಆಗಷ್ಟೇ ಗ್ರಾಹಕರಿಗೆಂದು ಹೊಸ ಕಾನೂನು ಬಂದು, ದೂರು ಕೇಳಲು ಒಂದು ವೇದಿಕೆಯೂ ಶುರುವಾಗಿತ್ತು. ವಕೀಲರೇ ಬೇಡ, ನೀವೇ ವಾದಿಸಬಹುದು ಎಂದು ಪೇಪರಿನಲ್ಲಿ ಅಚ್ಚಾಗಿತ್ತು. ಅಚ್ಚಾಗಿತ್ತೆಂದರೆ ಮುಗಿಯಿತಲ್ಲ. ಹನ್ನೊಂದು ಪುಟದ ದೂರು ಬರೆದೆ. "ನಿಮಗೆ ಕೋಪ ಅತ್ತೆ ಕೈ ನೋಯ್ತಿದೆ ಅಂತಲೋ, ಇಡ್ಲಿ ಗಟ್ಟಿಯಾಯ್ತು ಅಂತಲೋ?" ಎಂದು ಸುಮಿತ್ರ ಕೇಳಿದಳು. ಇಂಥ ಪ್ರಶ್ನೆಗೆಲ್ಲ ಉತ್ತರ ಕೊಡುವಷ್ಟು ಪುರುಸೊತ್ತು ನನಗಿರಲಿಲ್ಲ.

ಸಾಕ್ಷ್ಯಕ್ಕೆಂದು ತಗಡಿನ ಅಕ್ಷರಗಳನ್ನು ನಕಲು ಮಾಡಿಕೊಳ್ಳಲು ಹೋದರೆ ತಗಡಿನಲ್ಲಿ ನನ್ನ ಮುಖ ಕಂಡಿತು. ಅಕ್ಷರ ಒಂದೂ ಇರಲಿಲ್ಲ. ಆದದ್ದಿಷ್ಟು: ಆಯುಧಪೂಜೆಯ ದಿನ ಅಮ್ಮ ಗ್ರೈಂಡರಿಗೂ ಪೂಜೆ ಮಾಡಿದ್ದಳು. ಅರಿಸಿನ ಕುಂಕುಮ ಹಚ್ಚಲು ಹಣೆಯಂತೆ ಚಪ್ಪಟೆಯಾಗಿ ಕಂಡದ್ದು ಆ ತಗಡೊಂದೇ. ಆಮೇಲೆ ಪ್ರತಿ ಶುಕ್ರವಾರ ಹಳೆಯ ಕುಂಕುಮ ತೆಗೆದು ಹೊಸದು ಹಚ್ಚಿದ್ದಾಳೆ. ತೆಗೆದದ್ದು ಹುಣಸೆಹಣ್ಣಿನಿಂದ. "ಪೂಜೆ ಮಾಡಿದ ಸಾಮಾನನ್ನ ಹುಣಸೆಹಣ್ಣಲ್ಲಿ ಉಜ್ಜದೆ ಇನ್ಯಾವುದರಲ್ಲಿ ಉಜ್ತಾರೋ? ದೀಪದ ಕಂಬದ ಹಾಗೆ ಹೊಳೀತಿದೆ ನೋಡು" ಎಂದಳು ಅಮ್ಮ. ಗ್ರೈಂಡರ್ ಬಂದ ರಟ್ಟಿನ ಪೆಟ್ಟಿಗೆಯ ಮೇಲೂ ಆ ಅಕ್ಷರಗಳೇ ಇದ್ದವು. ಪೆಟ್ಟಿಗೆಯನ್ನು ರದ್ದಿಯವನಿಗೆ ಹಾಕಿದವನು ನಾನೇ. ಬಿಲ್ಲಿನಲ್ಲಿ 'ಗ್ರೈಂಡರ್ ಒಂದು' ಎಂದಷ್ಟೇ ಇತ್ತು.

ವಿಚಾರಣೆಯ ದಿನ ಕಂಪನಿಯ ಪರವಾಗಿ ಟೈ ಕಟ್ಟಿದ ಒಬ್ಬ ಬಂದಿದ್ದ. ನಾನು ತಗಡನ್ನೇ ಬಿಚ್ಚಿ ಒಯ್ದಿದ್ದೆ. ಅವನು ಅದನ್ನು ತಿರುಗಿಸಿ ನೋಡಿ, ಅದರಲ್ಲೇ ಟೈ ಸರಿಪಡಿಸಿಕೊಂಡು ವಾಪಸು ಕೊಟ್ಟ. ಆಮೇಲೆ, "ನಮ್ಮ ಎಲ್ಲ ಗ್ರೈಂಡರುಗಳೂ ಅರ್ಧ ಅಶ್ವಶಕ್ತಿಯವೇ, ಅರ್ಧ ಗಂಟೆ ನಿಲ್ಲದೆ ಓಡುತ್ತವೆ. ಇವರೇ ಹೆಚ್ಚು ಹಾಕಿ ಕೆಡಿಸಿದ್ದಾರೆ. ಬೇಳೆ ಎಷ್ಟು ಹಾಕುತ್ತೀರಿ?" ಎಂದು ಇಂಗ್ಲಿಷಿನಲ್ಲಿ ಕೇಳಿದ. ನಾನು ಬಾಯಿ ತೆರೆದೆ. ಬೇಳೆ ಎಷ್ಟು, ಅಕ್ಕಿ ಎಷ್ಟು, ಎಷ್ಟು ಹೊತ್ತು ನೆನೆಯಬೇಕು, ಒಂದೂ ನನಗೆ ಗೊತ್ತಿರಲಿಲ್ಲ. ಹನ್ನೊಂದು ಪುಟದಲ್ಲಿ ಎಲ್ಲೂ ಬೇಳೆಯ ಮಾತು ಬಂದಿರಲಿಲ್ಲ. ವೇದಿಕೆಯ ಸದಸ್ಯೆ, ಅಲ್ಲಿ ಎಲ್ಲರೂ 'ಬಾಯಿ' ಎಂದು ಕರೆಯುತ್ತಿದ್ದ, ಕನ್ನಡಕ ಹಾಕಿದ ಮರಾಠಿ ಹೆಂಗಸು, ನನ್ನನ್ನು ಕನಿಕರದಿಂದ ನೋಡಿ, ರುಬ್ಬುವವರನ್ನೂ ಯಂತ್ರವನ್ನೂ ಮುಂದಿನ ವಾರ ಕರೆದುಕೊಂಡು ಬನ್ನಿ ಎಂದರು.

ಗ್ರೈಂಡರನ್ನು ಟ್ಯಾಕ್ಸಿಯ ಹಿಂದಿನ ಸೀಟಿನಲ್ಲಿ ಅಮ್ಮನ ಪಕ್ಕ ಕೂರಿಸಿ ಒಯ್ದೆ. ಅಮ್ಮ ಡಬ್ಬಿಯಲ್ಲಿ ನೆನೆದ ಬೇಳೆ ತಂದಿದ್ದಳು, ಒಂದೇ ಪಾವು. ಅವಳಿಗೆ ಹಿಂದಿ ತರಕಾರಿಯವನ ಮಟ್ಟಿಗೆ ಮಾತ್ರ ಬರುತ್ತಿದ್ದರಿಂದ ದುಭಾಷಿಯ ಕೆಲಸ ನನ್ನದಾಯಿತು. ಯಂತ್ರ ಹಾಕಿದರು. ಎಂಟು ನಿಮಿಷಕ್ಕೆ ಮುಲುಗಿ, ಹೊಗೆಯನ್ನೂ ಬಿಟ್ಟು ನಿಂತಿತು. ಅರ್ಧ ಗಂಟೆ ಓಡುತ್ತದೆಂದು ಹೋದ ವಾರ ತಾನೇ ಹೇಳಿದ್ದ ಟೈಯವನು ಸ್ವಿಚ್ಚನ್ನು ನಾಲ್ಕು ಸಲ ಒತ್ತಿದ. ನನಗೆ ಎದ್ದು ಕುಣಿಯಬೇಕೆನಿಸಿತು.

ಬಾಯಿ ಬರೆದುಕೊಳ್ಳುತ್ತ ಅಮ್ಮನನ್ನು ಕೇಳಿದರು: "ಮಾಂಜೀ, ಪೆಹಲೆ ಹಾಥ್ ಸೆ ಪೀಸ್ತೀ ಥೀ?" ಮೊದಲು ಕೈಯಲ್ಲೇ ರುಬ್ಬುತ್ತಿದ್ದೆಯಾ ಎಂದು ನಾನು ಅಮ್ಮನಿಗೆ ಹೇಳಿದೆ. ಹೌದೆಂದಳು. ಕೈ ನೋವು ಎಷ್ಟು ದಿನದಿಂದ ಎಂದು ಕೇಳಿದರು.

"ದಿನ ಯಾವ ಲೆಕ್ಕ ಕಣೋ, ಹನ್ನೆರಡು ವರ್ಷ ಆಯ್ತು ಅನ್ನು."

ನಾನು ಹನ್ನೆರಡು ವರ್ಷ ಎಂದೆ. ಬಾಯಿ ಪೆನ್ನು ನಿಲ್ಲಿಸಿದರು. ಹನ್ನೆರಡು ವರ್ಷ ಯಾರಿಗೂ ಹೇಳಲಿಲ್ಲವೇ ಎಂದು ಕೇಳಿದರು. ಅದನ್ನೂ ಅಮ್ಮನಿಗೆ ಕನ್ನಡದಲ್ಲಿ ಹೇಳಿದೆ.

"ಹೇಳದೆ ಏನು? ನಿನಗೇ ಹೇಳಿದ್ನಲ್ಲ. ಭಾನುವಾರ ಆಫೀಸಿನೋರು ಬರ್ತಾರೆ, ಇನ್ನೆರಡು ಪಾವು ಜಾಸ್ತಿ ನೆನೆಹಾಕು ಅಂದೆ ನೀನು" ಎಂದಳು ಅಮ್ಮ. ಅವಳ ದನಿಯಲ್ಲಿ ದೂರು ಇರಲಿಲ್ಲ. ಕೇಳಿದ್ದಕ್ಕೆ ಉತ್ತರ ಕೊಟ್ಟಿದ್ದಳು, ಅಷ್ಟೆ.

ಬಾಯಿ, ಟೈಯವನು, ಮೂಲೆಯ ಟೈಪಿಸ್ಟು, ಎಲ್ಲರೂ ನನ್ನ ಮುಖ ನೋಡುತ್ತ ಕಾಯುತ್ತಿದ್ದರು.

"ನಹೀಂ ಬೋಲಾ, ಮೇಡಂ" ಎಂದೆ, ಹೇಳಲಿಲ್ಲವೆಂದು.

ತರಕಾರಿಯವನ ಹಿಂದಿಯಲ್ಲಿ 'ನಹೀಂ' ಎಂಬುದು ಮೊದಲು ಕಲಿಯುವ ಮಾತು. ಅಮ್ಮ ನನ್ನನ್ನೊಮ್ಮೆ ನೋಡಿ, ಬೇಳೆಯ ಡಬ್ಬಿಯ ಮುಚ್ಚಳ ಹಾಕಿದಳು.

ತಿಂಗಳೊಳಗೆ ಆದೇಶ ಬಂತು. ನಿಜವಾದ ಅರ್ಧ ಅಶ್ವಶಕ್ತಿಯ ಹೊಸ ಯಂತ್ರ ಕೊಡಬೇಕೆಂದು ಕಂಪನಿಗೆ ತಾಕೀತು ಮಾಡಿದ್ದರು. ಕೊನೆಯ ಪುಟದಲ್ಲಿ, ಅರ್ಜಿದಾರರ ಮಾತುಗಳನ್ನು ಶಂಕಿಸಲು ಯಾವ ಕಾರಣವೂ ಕಾಣುವುದಿಲ್ಲ ಎಂದು ಚೆನ್ನಾಗಿ ಟೈಪಾಗಿತ್ತು. "ಏನು ಬರೆದಿದ್ದಾರೆ, ಓದು" ಎಂದಳು ಅಮ್ಮ, ರಟ್ಟೆಗೆ ಎಣ್ಣೆ ತಿಕ್ಕಿಕೊಳ್ಳುತ್ತ. ಕನ್ನಡದಲ್ಲಿ ಎಲ್ಲವನ್ನೂ ಓದಿ ಹೇಳಿದೆ, ಆ ಒಂದು ಸಾಲನ್ನು ಬಿಟ್ಟು.