ಸಾಹೇಬರ ಲಾನು, ನನ್ನ ಜೋಳ

ನಾಲ್ಕು ಮಂದಿ ಓದಿದವರು ಒಂದು ಕಡೆ ಸೇರಿದರೆ ಇಂಥವು ನಡೀತಾನೇ ಇರ್ತಾವ. ನಾನು ಸಾಲಿ ಮೆಟ್ಟಿಲು ಹತ್ತಿದವ ಅಲ್ಲ. ಆದರೂ ಇಪ್ಪತ್ತು ವರ್ಷದಿಂದ ಜಹೀರಾಬಾದ್ ಹೊರಗಿನ ಯುನಿವರ್ಸಿಟಿಯೊಳಗ ಇದೀನಿ, ಮಾಲಿಯಾಗಿ. ನಾನು ನೆಟ್ಟ ಬೇವಿನ ತುದಿಗೆ ಹತ್ತಿದ್ರ ಬೀದರ್ ಕೋಟಿ ಕಾಣ್ತದ. ನಂಬದವರು ಹತ್ತಿ ನೋಡ್ರಿ.

ಹಾಸ್ಟೆಲ್ ಹಿಂದ ಅರ್ಧ ಎಕರೆ ಬೀಳು ಜಾಗ ಇತ್ತು. ಹಿಂದಿನ ಸಾಹೇಬರ ಪರವಾನಗಿ ತಗೊಂಡು ಪ್ರತಿ ವರ್ಷ ಅಲ್ಲಿ ಜೋಳ ಬಿತ್ತತೀನಿ, ನಡುನಡುವೆ ಕಡಲಿ, ಕುಸುಬಿ. ಕಾಳು ಹಾಸ್ಟೆಲ್ ಅಡಿಗಿಮನಿಗೆ, ಮೇವು ನನ್ನ ಆಡಿಗೆ. ಹೋದ ವರ್ಷ ಹೈದರಾಬಾದಿನಿಂದ ಹೊಸ ಪ್ರೊಫೆಸರ್ ಸಾಹೇಬರು ಬಂದರು. ಸುಸ್ಥಿರ ಅಭಿವೃದ್ಧಿ ಅನ್ನೋ ಹೊಸ ಆಫೀಸು ಅವರ ಕೈಗೆ. ಹೊರಗಿನಿಂದ ಒಂದು ಕಮಿಟಿ ಬಂದು ನೋಡಿ ಯುನಿವರ್ಸಿಟಿಗೆ ಹಸಿರು ಗ್ರೇಡು ಕೊಡಬೇಕಂತ. ಬಂದವರೇ ನನ್ನ ಜೋಳ ನೋಡಿ, ಇದನ್ನ ಕಿತ್ತು ಲಾನ್ ಹಾಕಿಸ್ತೀನಿ, ಜಾಗ ಹಸಿರು ಕಾಣಬೇಕು ಅಂದರು. ಜೋಳ ಯಾವ ಬಣ್ಣ ಅದರಿ ಅಂತ ಕೇಳೋನಿದ್ದೆ. ನೌಕರಿ ನೆನಪಾತು.

ಆಡಿನ ತೀರ್ಪು

ಲೈಬ್ರರಿ ಮುಂದ ಸೋಲಾರ್ ಪ್ಲೇಟು ಕೂಡ್ರಿಸಿದರು. ಅದರ ಪಕ್ಕದಾಗೇ ಮೊದಲು ನೆಟ್ಟಿದ್ದ ಸುಬಾಬುಲ್ ಗಿಡ ದಪದಪ ಬೆಳೆದು ಪ್ಲೇಟಿಗೆ ನೆರಳು ಹಾಕ್ತು. ಸೋಲಾರ್ ಕಮಿಟಿಗೆ ಅಧ್ಯಕ್ಷರು ನಮ್ಮ ಸಾಹೇಬರೇ, ಗಿಡದ ಕಮಿಟಿಗೂ ಅವರೇ. ಗಿಡ ಕಡೀರಿ ಅಂತ ಗಿಡದ ಕಮಿಟಿಗೆ ಒಂದು ಚೀಟಿ ಬರೆದು ನನ್ನ ಕೈಗೆ ಕೊಟ್ಟರು. ನಾನು ಹೊರಗ ಹೋಗಿ, ಒಂದು ಸುತ್ತು ಹಾಕಿ ಬಂದು, ಅದೇ ಟೇಬಲ್ಲಿನ ಮ್ಯಾಲ ಇಟ್ಟೆ. ಓದಿ ಸಿಟ್ಟಾಗಿ, ಗಿಡ ಕಡಿಯೋಹಂಗಿಲ್ಲ ಅಂತ ಉತ್ತರ ಬರೆದರು. ಅದನ್ನೂ ಒಂದು ಸುತ್ತು ತಿರುಗಿಸಿ ಅವರಿಗೇ ಕೊಟ್ಟೆ. ಹಿಂಗ ಮೂರು ತಿಂಗಳು ನಡೀತು, ನನ್ನ ಚಪ್ಪಲಿ ಸವೀತು.

ಕಡೀಗೆ ನನ್ನ ಹೋತಕ್ಕ ಬೇಜಾರಾತು ನೋಡ್ರಿ. ಪ್ಲೇಟು ಒರಸೋ ಏಣಿ ಹತ್ತಿ ನಿಂತು, ಸಂಜೀ ಒಳಗ ಗಿಡಕ್ಕ ಒಂದು ಎಲಿ ಬಿಡಲಿಲ್ಲ. ಏಣಿ ಹತ್ತೋ ಹೋತ ನಾಲ್ಕು ಜಿಲ್ಲಾದಾಗ ಅದೊಂದೇ. ಸಾಹೇಬರು ನಿಟ್ಟುಸಿರು ಬಿಟ್ಟು ಎರಡೂ ಫೈಲು ಮುಚ್ಚಿದರು. ಗಿಡ ಸಹಜ ಕಾರಣದಿಂದ ಸತ್ತಿದೆ ಅಂತ ಬರೆದರಂತ.

ಕ್ಯಾರಿಯರ್ ಮ್ಯಾಲಿನ ಮಾತು

ಮುಂದ ಹೊಸ ಹುಕುಂ ಬಂತು. ಸೋಮವಾರ ಯಾರೂ ಮೋಟಾರು ತರಬಾರದು, ಸೈಕಲ್ ಮ್ಯಾಲೇ ಬರಬೇಕು. ಹುಕುಂ ಮಾಡಿದವರಿಗೇ ಸೈಕಲ್ ಬರ್ತಿರಲಿಲ್ಲ. ಹೈವೇ ಹತ್ರ ಕಾರು ನಿಲ್ಲಿಸಿ ನನ್ನ ಕ್ಯಾರಿಯರ್ ಮ್ಯಾಲ ಕುಂತರು, ಎರಡೂ ಕೈಲೆ ನನ್ನ ಅಂಗಿ ಹಿಡಕೊಂಡು. ಹರೇದಾಗ ನಾನು ತಾಂಡೂರಿನ ಕಲ್ಲುಚಪ್ಪಡಿ ಎರಡು ಕಟ್ಟಿಕೊಂಡು ಸೈಕಲ್ ಹೊಡೆದವ, ಸಾಹೇಬರು ಯಾವ ಲೆಕ್ಕ?

ಗೇಟಿನಿಂದ ಒಳಗ ಇಳಿಜಾರು. ಸೈಕಲ್ ಜೋರು ಹಿಡೀತು. ಇದೇ ಹೊತ್ತು ಅಂತ ಶುರು ಮಾಡಿದೆ.

“ಸಾಹೇಬ್ರ, ಜೋಳ ತೆನಿ ಹಿಡಿಯೋತನಕ ಲಾನ್ ಮಾತು ಬ್ಯಾಡ್ರಿ.”

“ಆಯ್ತು ತಾತಾ, ಬಿಡ್ತೀನಿ. ಮೊದಲು ಬ್ರೇಕ್ ಹಿಡಿ.”

“ಬ್ರೇಕ್ ಇಲ್ರಿ ಸಾಹೇಬ್ರ.”

“ಕೊಯ್ಯೋತನಕ ಇರಲಿ!” ಅಂದರು. ಮುಂದಿನ ಸೋಮವಾರದಿಂದ ಆ ಹುಕುಂ ಜಾರಿಯಾಗಲಿಲ್ಲ.

ಅಮಾಸಿ ಊಟ

ಆದರ ಕಮಿಟಿ ಬರೋ ದಿನ ಗೊತ್ತಾದ ಮ್ಯಾಲ ಸಾಹೇಬರು ಮಾತು ಮರೆತರು. ಹಿಂದಿನ ದಿನ ಗುತ್ತೇದಾರ ಬಂದು ಸುಣ್ಣ ಬಳಿದ ಐದು ಕಲ್ಲು ಇಟ್ಟ, ನಾಲ್ಕು ಮೂಲಿಗೆ ನಾಲ್ಕು, ನಡುವ ಒಂದು. ನಾಳಿಗೆ ಕಮಿಟಿಗೆ ಲಾನಿನ ಗುರುತು ತೋರಿಸೋದು, ನಾಡಿದ್ದು ಟ್ರ್ಯಾಕ್ಟರ್ ಹೊಡಿಯೋದು ಅಂದರು ಸಾಹೇಬರು. ತೆನ್ಯಾಗ ಹಾಲು ತುಂಬಿತ್ತು. ಇನ್ನೊಂದು ತಿಂಗಳು ಬಿಟ್ಟಿದ್ರ ಕಾಳು ಆಗ್ತಿತ್ತು.

ಸಾಹೇಬರಿಗೆ ಗೊತ್ತಿಲ್ಲದ್ದು ಒಂದಿತ್ತು. ಮರುದಿನ ಎಳ್ಳ ಅಮಾಸಿ. ನಮ್ಮ ಕಡೆ ಅವತ್ತು ಊರಿಗೆ ಊರೇ ಹೊಲದಾಗ ಇರ್ತದ. ಜೋಳದ ದಂಟಿನಿಂದ ಸಣ್ಣ ಗುಡಿಸಲಿನಂಥ ಕೊಂಪಿ ಕಟ್ಟಿ, ಐದು ಕಲ್ಲಿಗೆ ಸುಣ್ಣ ಬಳಿದು, ಪಾಂಡವರು ಅಂತ ಪೂಜಿ ಮಾಡಿ, ಅಲ್ಲೇ ಉಂಡು ಬರೋದು. ಕ್ಯಾಂಟೀನಿನವ ಬೀಗ ಹಾಕಿ ಝರಾಸಂಗಂ ಊರಾಗಿನ ತನ್ನ ಹೊಲಕ್ಕ ಹೋಗಿಬಿಟ್ಟಿದ್ದ. ಕಮಿಟಿಯ ಮೂರು ಮಂದಿ ಬಂದರು, ಚಹಾಕ್ಕೂ ದಿಕ್ಕಿಲ್ಲ. ಮಧ್ಯಾಹ್ನತನಕ ಬರೇ ಫೈಲು ನೋಡಿ ಹೊಟ್ಟಿ ಚುರುಗುಡೋ ಹೊತ್ತಿಗೆ, ಲಾನಿನ ಜಾಗ ತೋರಿಸ್ತೀನಿ ಅಂತ ಸಾಹೇಬರು ಕರಕೊಂಡು ಬಂದರು.

ನನ್ನ ಹೆಂಡತಿ ನಾರಾಯಣಖೇಡದಾಕಿ, ಮುಂಜಾನೇನೇ ನಮ್ಮ ಜೋಳದಾಗ ಕೊಂಪಿ ಕಟ್ಟಿ ಅಡಿಗಿ ಇಟ್ಟಿದ್ದಳು. ಹಸಿ ಕಾಳು, ಕಾಯಿಪಲ್ಲೆ ಕೂಡಿಸಿ ಕುದಿಸೋ ಆಕಿ ಭಜ್ಜಿ ವಾಸನಿ ಮೂರು ಮೈಲು ಹೋಗ್ತದ. ಮೇಡಂ ಒಬ್ಬರು ಕಮಿಟಿಗೆ ದೊಡ್ಡವರು. ವಾಸನಿ ಹಿಡಿದು ನೆಟ್ಟಗ ಜೋಳದೊಳಗ ಬಂದರು. ನಾಲ್ವರನ್ನೂ ಕೂಡ್ರಿಸಿ, ಮುತ್ತಲ ಎಲಿ ಹಾಕಿ, ಸಜ್ಜಿ ರೊಟ್ಟಿ, ಭಜ್ಜಿ, ಅಂಬಲಿ ಬಡಿಸಿದಳು. ಮೇಡಂ ಎರಡು ಸಲ ಕೇಳಿ ಹಾಕಿಸಿಕೊಂಡರು. ಈ ಬೆಳಿಗೆ ಎಷ್ಟು ನೀರು ಕೊಡ್ತೀರಿ ಅಂತ ಕೇಳಿದರು. ರೊಟ್ಟಿ ಹಿಟ್ಟು ಕಲಸಾಕ ಒಂದು ತಂಬಿಗಿ ಅಂದೆ. ಬರಕೊಂಡರು.

ಸಾಹೇಬರ ಕಣ್ಣು ಮಾತ್ರ ನಾಲ್ಕು ಮೂಲಿ ಹುಡುಕ್ತಿತ್ತು. ಸರಿದು ಬಂದು ನನ್ನ ಕಿವಿಯಾಗ, “ತಾತಾ, ನನ್ನ ಕಲ್ಲು ಎಲ್ಲಿ?” ಅಂದರು.

ನಾನು ಕೊಂಪಿ ಕಡೆ ಗದ್ದ ಎತ್ತಿದೆ. ಆ ಹೊಲದಾಗ ಹುಡುಕಿದ್ರ ಒಂದು ಕಲ್ಲು ಸಿಗಂಗಿಲ್ಲ, ಇಪ್ಪತ್ತು ವರ್ಷ ಆರಿಸಿ ಒಗೆದೀನಿ. ನನ್ನ ಹೆಂಡತಿಗೆ ಲಾನು ಗೀನು ಏನು ಗೊತ್ತು? ಸುಣ್ಣ ಬಳಿದು ತಯಾರ್ ಇದ್ದ ಐದು ಕಲ್ಲು ಕಂಡಾವ, ತಂದು ಕೂಡ್ರಿಸ್ಯಾಳ. ಅರಿಷಿಣ, ಕುಂಕುಮ, ಮುಂದ ನೈವೇದ್ಯ. ಮೇಡಂ ಎದ್ದು ಕೈ ಮುಗಿದರು, ಜೊತಿಗಿದ್ದ ಇಬ್ಬರೂ ಮುಗಿದರು. ಸಾಹೇಬರು ಆ ಕಡೆ ಈ ಕಡೆ ನೋಡಿ, ಬೂಟು ಬಿಚ್ಚಿ, ತಮ್ಮ ಲಾನಿನ ಕಲ್ಲಿಗೆ ತಾವೇ ಅಡ್ಡಬಿದ್ದರು.

ಮೇಡಂ ಸಾಹೇಬರ ಕೈ ಕುಲುಕಿದರು. ನಾವು ನೋಡಾಕ ಬಂದದ್ದು ಇದನ್ನೇ, ಈ ಜಾಗ ಯಾರೂ ಮುಟ್ಟಬಾರದು, ಸುತ್ತ ಗಡಿಕಲ್ಲು ಹಾಕಿಸಿ ಕಾಪಾಡ್ರಿ ಅಂದರು. ಆವಾಗ ನನಗ ಉಸಿರು ಬಂತು. ಸಾಹೇಬರು ಎಡಗಾಲಿನ ಬೂಟು ಬಲಗಾಲಿಗೆ ಹಾಕ್ಕೊಳ್ಳಾಕ ಹತ್ತಿದ್ದರು. ಪಾಪ ಅನಿಸ್ತು, ನಾನೇ ಹೇಳಿದೆ:

“ಕಲ್ಲಿನ ಚಿಂತಿ ಬ್ಯಾಡ್ರಿ ಮೇಡಂ. ನಮ್ಮ ಸಾಹೇಬ್ರು ನಿನ್ನೇನೇ ತರಿಸಿ ಇಟ್ಟಾರ.”