ಎರಡು ಪಾವು ಮಂಡಕ್ಕಿ ಮತ್ತು ಏಳನೆಯ ವರ್ಷ

ಅಥವಾ ಅದು ನ್ಯಾಮತಿ ಕಡೆ ಅಲ್ಲ, ಚನ್ನಗಿರಿ ಕಡೆ ನಡೆದದ್ದೇನೋ. ನಲವತ್ತು ವರ್ಷಗಳಿಂದ ಈ ಪ್ರಸಂಗವನ್ನು ಕಂಡಕಂಡವರಿಗೆಲ್ಲ ಹೇಳಿಕೊಂಡು ಬಂದಿದ್ದೇನೆ. ಅದರಲ್ಲಿ ಯಾವುದು ನಿಜವಾಗಿ ನಡೆದದ್ದು, ಯಾವುದು ಹೇಳುತ್ತಾ ಹೇಳುತ್ತಾ ಹುಟ್ಟಿಕೊಂಡದ್ದು ಎಂದು ಈಗ ಬೇರ್ಪಡಿಸಲು ಆಗುತ್ತಿಲ್ಲ. ಮೊದಮೊದಲು ಹೇಳುವಾಗ ಶಾಲೆಯ ಕಿಟಕಿಯಾಚೆ ಒಂದು ಬೇವಿನ ಮರ ಇರುತ್ತಿತ್ತು. ಕೆಲವು ವರ್ಷಗಳಾದ ಮೇಲೆ ಅದು ಹುಣಸೆ ಮರವಾಯಿತು. ಹೋದ ವರ್ಷ ಮೊಮ್ಮಗಳಿಗೆ ಹೇಳಿದಾಗ ಮರ ಹೋಗಲಿ, ಕಿಟಕಿಯೇ ಇದ್ದಂತೆ ಕಾಣಲಿಲ್ಲ. ಆದ್ದರಿಂದ ಮರಗಿಡಗಳ ವಿಷಯದಲ್ಲಿ ಯಾರೂ ನನ್ನನ್ನು ನಂಬಬೇಕಾಗಿಲ್ಲ. ನ್ಯಾಮತಿ ಕಡೆಯ ಒಂದು ಪ್ರಾಥಮಿಕ ಶಾಲೆ ಎಂದಿಟ್ಟುಕೊಳ್ಳೋಣ. ಆಗ ನ್ಯಾಮತಿ ಇನ್ನೂ ಹೊನ್ನಾಳಿ ತಾಲ್ಲೂಕಿನಲ್ಲಿತ್ತು. ಇದೊಂದನ್ನು ಮಾತ್ರ ಖಚಿತವಾಗಿ ಹೇಳಬಲ್ಲೆ, ಏಕೆಂದರೆ ಸಣ್ಣದೊಂದು ಕಾಗದಕ್ಕೂ ಹೊನ್ನಾಳಿಗೆ ಹೋಗುವ ಬಸ್ಸಿನಲ್ಲಿ ನಿಂತೇ ಪ್ರಯಾಣ ಮಾಡಿದ್ದು ನನಗಿಂತ ಚೆನ್ನಾಗಿ ನನ್ನ ಮಂಡಿಗಳಿಗೆ ನೆನಪಿದೆ.

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ನಾನು ಬಿಳಿಚೋಡಿನವನು. ಶಿಕ್ಷಕರ ತರಬೇತಿ ಮುಗಿಸಿ ಎರಡು ಟೆರಿಲಿನ್ ಅಂಗಿ ಮತ್ತು ಒಂದು ಸಿದ್ಧಾಂತದ ಜೊತೆ ಆ ಊರಿಗೆ ಬಂದಿಳಿದಿದ್ದೆ. ಅಂಗಿಗಳು ಒಂದೇ ಬೇಸಿಗೆಗೆ ಬಣ್ಣ ಬಿಟ್ಟವು, ಸಿದ್ಧಾಂತ ಬಿಡಲಿಲ್ಲ. ತರಬೇತಿಯಲ್ಲಿ ಮನಶ್ಶಾಸ್ತ್ರ ಹೇಳಿಕೊಡುತ್ತಿದ್ದವರು ಒಂದು ಪ್ರಯೋಗ ಹೇಳಿದ್ದರು. ಒಂದೇ ಅಳತೆಯ ಎರಡು ಪಾತ್ರೆಗಳಲ್ಲಿ ಸಮನಾಗಿ ನೀರು ತುಂಬಬೇಕು. ಮಗುವಿನ ಎದುರಿಗೇ ಒಂದು ಪಾತ್ರೆಯ ನೀರನ್ನು ಉದ್ದನೆಯ ಲೋಟಕ್ಕೆ ಸುರಿಯಬೇಕು. ಆಮೇಲೆ ಯಾವುದರಲ್ಲಿ ಹೆಚ್ಚಿದೆ ಎಂದು ಕೇಳಬೇಕು. ಚಿಕ್ಕ ಮಗು ಉದ್ದ ಲೋಟವನ್ನು ತೋರಿಸುತ್ತದೆ. ಸುಮಾರು ಏಳು ವರ್ಷ ದಾಟಿದ ಮಗು, ಎರಡರಲ್ಲೂ ಅಷ್ಟೇ ಇದೆ ಎನ್ನುತ್ತದೆ. ಅಲ್ಲಿಗೆ ಅದರ ಬುದ್ಧಿ ಒಂದು ಮೆಟ್ಟಿಲು ಹತ್ತಿತು, ಇನ್ನು ಅದಕ್ಕೆ ಗುಣಾಕಾರ ಕಲಿಸಬಹುದು ಎಂದರ್ಥ. ಇದನ್ನು ಕೇಳಿದ ದಿನ ನನಗೆ ಮಕ್ಕಳ ತಲೆಯೊಳಗೆ ಹೋಗಲು ಒಂದು ಬಾಗಿಲು ಸಿಕ್ಕಂತಾಗಿತ್ತು. ಆಗ ನನಗೆ ಇಪ್ಪತ್ತೆರಡು. ಆ ವಯಸ್ಸಿನವರ ಬುದ್ಧಿ ಎಷ್ಟನೆಯ ಮೆಟ್ಟಿಲಿನಲ್ಲಿರುತ್ತದೆ ಎಂದು ತರಬೇತಿಯಲ್ಲಿ ಹೇಳಿರಲಿಲ್ಲ.

ಮೊದಲ ತೊಡಕು ಏಳು ವರ್ಷದ್ದೇ. ನಮ್ಮ ಶಾಲೆಯಲ್ಲಿ ಯಾರಿಗೆ ಏಳು ವರ್ಷ ಎಂದು ಯಾರಿಗೂ ಗೊತ್ತಿರಲಿಲ್ಲ. ದಾಖಲಾತಿ ಪುಸ್ತಕದ ಪ್ರಕಾರ ಊರಿನ ಮಕ್ಕಳೆಲ್ಲ ಜೂನ್ ಒಂದರಂದು ಹುಟ್ಟಿದ್ದರು. ಅಷ್ಟೊಂದು ತಾಯಂದಿರು ಪ್ರತಿವರ್ಷ ಅದೇ ದಿನ ಹೆರುತ್ತಿದ್ದರೆಂದರೆ ಸೂಲಗಿತ್ತಿಯ ಪಾಡೇನು ಎಂದು ನಾನು ಹೆಡ್ ಮೇಷ್ಟ್ರು ರುದ್ರಪ್ಪನವರನ್ನು ಕೇಳಿದೆ. ಅವರಿಗೆ ನಗು ಬರಲಿಲ್ಲ. "ತಾಯಿ ಬಂದು ಹುಡುಗ ಹುಟ್ಟಿದಾಗ ಜೋಳ ತೆನೆ ಕಟ್ಟಿತ್ತು ಅಂತಾಳೆ. ನಾನೇನು ಜೋಳ ಅಂತ ಬರಿಯಾಕೆ ಆಕ್ಕತೇನ್ರೀ?" ಎಂದರು. ಬಲಗೈಯನ್ನು ತಲೆಯ ಮೇಲಿಂದ ತಂದು ಎಡಗಿವಿ ಮುಟ್ಟಿಸುವುದೇ ಅವರ ಪರೀಕ್ಷೆ. ಕಿವಿ ಸಿಕ್ಕಿತೋ, ಒಂದನೇ ಕ್ಲಾಸು. ಸಿಗಲಿಲ್ಲವೋ, ಮುಂದಿನ ವರ್ಷ. ಕೈ ಉದ್ದವಿದ್ದ ಮಕ್ಕಳು ನಮ್ಮ ಊರಿನಲ್ಲಿ ಬೇಗ ವಿದ್ಯಾವಂತರಾಗುತ್ತಿದ್ದರು.

ಎರಡನೇ ಕ್ಲಾಸಿನಲ್ಲಿ ನಸೀಮಾ ಎಂಬ ಹುಡುಗಿಯಿದ್ದಳು. ಅವಳ ಅಪ್ಪನದು ಮಂಡಕ್ಕಿ ಹುರಿಯುವ ಭಟ್ಟಿ. ಅವಳ ತಾಯಿ ಖೈರೂನಮ್ಮ ಸಂತೆಯಲ್ಲಿ ಕುಕ್ಕೆ ಇಟ್ಟುಕೊಂಡು ಮಂಡಕ್ಕಿ ಅಳೆದು ಮಾರುತ್ತಿದ್ದರು. ಹುಡುಗಿ ಹೋದ ವರ್ಷವೂ ಎರಡನೇ ಕ್ಲಾಸಿನಲ್ಲೇ ಕೂತವಳು. ಈ ಸಲದ ಪರೀಕ್ಷೆಯಲ್ಲಿ ಗಣಿತ ಒಂದರಲ್ಲಿ, ಅದೂ ಎರಡೇ ಅಂಕಕ್ಕೆ, ಮತ್ತೆ ಉಳಿದುಕೊಂಡಳು. ಉತ್ತರ ಪತ್ರಿಕೆ ತಿದ್ದಿದವನು ನಾನೇ. ಫಲಿತಾಂಶದ ಪಟ್ಟಿ ಇನ್ನೂ ಹೊನ್ನಾಳಿಗೆ ಹೋಗಿರಲಿಲ್ಲ. ಖೈರೂನಮ್ಮ ಸೀರೆಯ ಸೆರಗಿನಲ್ಲಿ ಮಂಡಕ್ಕಿ ಕಟ್ಟಿಕೊಂಡು, ಮಗಳನ್ನು ಕರೆದುಕೊಂಡು ಶಾಲೆಗೆ ಬಂದರು.

"ಇವ್ಳ ಅಪ್ಪ ಹೇಳ್ಯಾನೆ ಮೇಷ್ಟ್ರೇ. ಈ ಸಲಾನೂ ಕುಂತ್ರೆ ಸಾಕು ಶಾಲೆ, ಭಟ್ಟಿ ಮುಂದೆ ಜರಡಿ ಹಿಡೀಲಿ ಅಂತ. ನಾನು ಹಿಡಿದೀನಿ, ನನ್ನ ಕಣ್ಣು ನೋಡ್ರಿ. ಇವಳಿಗೆ ಬ್ಯಾಡ."

ನಾನು ನೋಡಿದೆ. ಹೊಗೆಗೆ ಕೆಂಪೇರಿ, ರೆಪ್ಪೆಯ ಅಂಚು ಒಡೆದ ಕಣ್ಣುಗಳು. ಇದು ಮಾತ್ರ ಎಷ್ಟು ಸಲ ಹೇಳಿದರೂ ಬದಲಾಗಿಲ್ಲ.

ರುದ್ರಪ್ಪನವರು ಕುರ್ಚಿಯಿಂದಲೇ ನನ್ನ ಕಡೆ ಕೈ ತೋರಿಸಿದರು. "ಮೇಷ್ಟ್ರು ಹೊಸಾ ವಿದ್ಯೆ ಕಲ್ತು ಬಂದಾರೆ ಕಣಮ್ಮ. ಹುಡುಗಿಗೆ ಬುದ್ಧಿ ಬಂದೈತೋ ಇಲ್ಲೋ ಲೋಟದಾಗೆ ಅಳೀತಾರಂತೆ. ಬಂದೈತೆ ಅಂದ್ರೆ ಎರಡು ಅಂಕ ಅವರೇ ಹಾಕ್ಲಿ. ಬಂದಿಲ್ಲ ಅಂದ್ರೆ ನನಗೂ ಏನೂ ಮಾಡಾಕೆ ಬರಲ್ಲ." ಅವರು ನನ್ನನ್ನು ಗೇಲಿ ಮಾಡಿದರೋ, ಜವಾಬ್ದಾರಿ ಕಳಚಿಕೊಂಡರೋ ತಿಳಿಯಲಿಲ್ಲ. ಎರಡನ್ನೂ ಒಂದೇ ಮಾತಿನಲ್ಲಿ ಮುಗಿಸುವ ಅನುಭವ ಅವರಿಗಿತ್ತು.

ಪ್ರಯೋಗಕ್ಕೆ ನೀರು ಬೇಕು. ಶಾಲೆಯ ಮಡಕೆ ಹಿಂದಿನ ದಿನವೇ ಒಡೆದಿತ್ತು. ನೀರಾದರೇನು, ಮಂಡಕ್ಕಿಯಾದರೇನು, ಸಿದ್ಧಾಂತ ಸಿದ್ಧಾಂತವೇ ಎಂದುಕೊಂಡೆ. ಇದು ನನ್ನ ಜೀವನದಲ್ಲಿ ನಾನು ಮಾಡಿದ ದೊಡ್ಡ ವೈಜ್ಞಾನಿಕ ತಪ್ಪು. ಬಿಸಿಯೂಟವೆಲ್ಲ ಇಲ್ಲದ ಆ ಕಾಲದಲ್ಲಿ ಪುಡಿ ಹಾಲು, ಉಪ್ಪಿಟ್ಟಿನ ರವೆ ಅಳೆಯಲು ಶಾಲೆಯಲ್ಲಿ ಎರಡು ಪಾವುಗಳಿದ್ದವು. ಎರಡಕ್ಕೂ ಮಂಡಕ್ಕಿ ತುಂಬಿ, ಅಂಗೈಯಿಂದ ಸವರಿ ಮಟ್ಟ ಮಾಡಿ ಮೇಜಿನ ಮೇಲಿಟ್ಟೆ.

"ನಸೀಮಾ, ಎರಡೂ ಸಮ ಇದೆಯಾ?"

ಹುಡುಗಿ ಬಗ್ಗಿ ನೋಡಿದಳು. "ಇಲ್ಲ ಸಾರ್. ಈ ಪಾವು ಇಡೋವಾಗ ನೀವು ಕುಟ್ಟಿದ್ರಿ. ಇದ್ರಾಗೆ ಜಾಸ್ತಿ ಕುಂತೈತೆ."

ನಾನು ಎರಡನ್ನೂ ಖಾಲಿ ಮಾಡಿ, ಉಸಿರು ಬಿಗಿಹಿಡಿದು, ಕುಟ್ಟದೆ ತುಂಬಿದೆ. ಅವಳು ಎರಡು ಸಲ ನೋಡಿ, ದೊಡ್ಡ ಮನಸ್ಸು ಮಾಡಿ ಒಪ್ಪಿಕೊಂಡಳು. ಒಂದು ಪಾವನ್ನು ರುದ್ರಪ್ಪನವರ ಉದ್ದನೆಯ ಸ್ಟೀಲ್ ಲೋಟಕ್ಕೆ ಸುರಿದೆ.

"ಈಗ ಹೇಳು. ಯಾವುದರಲ್ಲಿ ಹೆಚ್ಚು?"

"ಯಾರಿಗೆ ಸಾರ್?"

"ಯಾರಿಗೆ ಅಂದರೆ?"

"ತಗಣೋರಿಗಾ, ಮಾರೋರಿಗಾ?"

ಯಾರಿಗೂ ಅಲ್ಲ, ಸುಮ್ಮನೆ ಹೇಳು ಎಂದೆ. ಸುಮ್ಮನೆ ಮಂಡಕ್ಕಿ ಅಳೆಯುವವರನ್ನು ಅವಳು ಅದುವರೆಗೆ ನೋಡಿರಲಿಲ್ಲ. ತಾಯಿಯ ಮುಖ ನೋಡಿದಳು. ಆಮೇಲೆ ಲೋಟದ ಕಡೆ ಬೆರಳು ಮಾಡಿ, "ಇದ್ರಾಗೆ ಕಡಿಮಿ. ಸುರಿಯೋವಾಗ ಕೆಳಗೆ ಬಿದ್ದಾವೆ, ನೋಡ್ರಿ. ಕೊಸರೂ ಹಾಕಿಲ್ಲ" ಎಂದಳು. ಅಳೆದು ಕೊಟ್ಟ ಮೇಲೆ ಮೇಲಿಂದ ಒಂದು ಹಿಡಿ ಹಾಕುವುದೇ ಕೊಸರು. ಕೊಸರಿಲ್ಲದ ಅಳತೆ ನಮ್ಮ ಕಡೆ ಅಳತೆಯಲ್ಲ, ಜಗಳ. ನಾನು ಬಗ್ಗಿ ನೋಡಿದೆ. ಮೇಜಿನ ಕೆಳಗೆ ಹತ್ತು ಹನ್ನೆರಡು ಮಂಡಕ್ಕಿ ಬಿದ್ದಿದ್ದವು.

ಸಮ ಎನ್ನಲಿಲ್ಲ, ಆದ್ದರಿಂದ ಏಳು ದಾಟಿಲ್ಲ. ಆದರೆ ಉದ್ದ ಲೋಟದಲ್ಲಿ ಹೆಚ್ಚು ಎಂದೂ ಹೇಳಲಿಲ್ಲ. ಕಡಿಮೆ ಎಂದಳು, ಅದೂ ನಿಜ ಹೇಳಿದಳು. ಇಂಥ ಮಗು ನನ್ನ ತರಬೇತಿಯ ಟಿಪ್ಪಣಿಯಲ್ಲಿ ಇರಲೇ ಇಲ್ಲ. ದಿಕ್ಕು ತೋಚದೆ ರುದ್ರಪ್ಪನವರನ್ನು, "ನೀವು ಹೇಳಿ ಸಾರ್, ಯಾವುದರಲ್ಲಿ ಹೆಚ್ಚು?" ಎಂದು ಕೇಳಿಬಿಟ್ಟೆ. ಅವರು ಕನ್ನಡಕ ಏರಿಸಿ, "ಉದ್ದ ಲೋಟದಾಗೇ ಕಣ್ರೀ. ಹೋಟ್ಲಾಗೂ ನಾನು ಅದ್ರಾಗೇ ಕೊಡು ಅಂತೀನಿ, ಚಾ ಜಾಸ್ತಿ ಹಿಡೀತೈತೆ" ಎಂದರು. ನಿವೃತ್ತಿಗೆ ಮೂರು ವರ್ಷವಿದ್ದ ಹೆಡ್ ಮೇಷ್ಟ್ರಿಗೆ ಸಿದ್ಧಾಂತದ ಪ್ರಕಾರ ಇನ್ನೂ ಏಳು ತುಂಬಿರಲಿಲ್ಲ. ಇದನ್ನು ಯಾರ ಹತ್ತಿರ ಹೇಳಿಕೊಳ್ಳುವುದು?

ನಾಳೆ ಬನ್ನಿ ಎಂದು ತಾಯಿ-ಮಗಳಿಬ್ಬರನ್ನೂ ಕಳಿಸಿ, ನಸೀಮಾಳ ಉತ್ತರ ಪತ್ರಿಕೆ ತೆಗೆದೆ. ನಾನು ಕೆಂಪು ಶಾಯಿಯಲ್ಲಿ ತಪ್ಪು ಹಾಕಿದ್ದ ಎರಡು ಅಂಕದ ಲೆಕ್ಕ ಎದುರಿಗೆ ಬಂತು. ಒಂದು ಸೇರಿಗೆ ನಾಲ್ಕು ಪಾವು, ಮೂರು ಸೇರಿಗೆ ಎಷ್ಟು ಪಾವು? ನಸೀಮಾ ಹದಿಮೂರು ಎಂದು ಬರೆದಿದ್ದಳು. ಹನ್ನೆರಡು ಪಾವು, ಮೇಲೊಂದು ಕೊಸರು. ಮೂರು ಸೇರು ಕೊಂಡವರಿಗೆ ಅವಳ ತಾಯಿ ಪಾವಿನಷ್ಟು ಕೊಸರು ಹಾಕುತ್ತಿದ್ದುದನ್ನು ನಾನೇ ಸಂತೆಯಲ್ಲಿ ಕಂಡಿದ್ದೆ, ಕೊಂಡಿದ್ದೆ, ತಿಂದೂ ಇದ್ದೆ. ಗುಣಾಕಾರವನ್ನೂ ದಾಟಿ ಧರ್ಮಕ್ಕೆ ಹೋದ ಹುಡುಗಿಗೆ ನಾನು ಸೊನ್ನೆ ಕೊಟ್ಟಿದ್ದೆ. ಈಗಲೇ ತಿದ್ದಬೇಕೆಂದು ಶಾಯಿ ಬಾಟಲಿ ತೆಗೆದವನ ಕಣ್ಣಿಗೆ ಕೆಳಗಿನ ಲೆಕ್ಕ ಬಿತ್ತು. ಒಂದು ಸಾಲಿಗೆ ಐದು ಮಾವಿನ ಗಿಡ, ನಾಲ್ಕು ಸಾಲಿಗೆ ಎಷ್ಟು? ಇಪ್ಪತ್ತೊಂದು ಎಂದು ಬರೆದಿದ್ದಳು.

ಮಾವಿನ ಗಿಡಕ್ಕೆ ಯಾರೂ ಕೊಸರು ಹಾಕುವುದಿಲ್ಲ. ಬಾಟಲಿಯ ಮುಚ್ಚಳ ತಿರುಗಿಸಿ ಮುಚ್ಚಿದೆ.

ಸಂಜೆ ಮನೆಯಲ್ಲಿ ಹೆಂಡತಿಯ ಎದುರು ಎರಡು ಬಟ್ಟಲಿಗೆ ಸಮನಾಗಿ ಮಜ್ಜಿಗೆ ಹಾಕಿ, ಒಂದನ್ನು ಉದ್ದ ಲೋಟಕ್ಕೆ ಬಗ್ಗಿಸಿ ಅದೇ ಪ್ರಶ್ನೆ ಕೇಳಿದೆ. ಮದುವೆಯಾಗಿ ಆರು ತಿಂಗಳಾಗಿತ್ತಷ್ಟೆ, ಇನ್ನೂ ನನ್ನ ಪ್ರಶ್ನೆಗಳಿಗೆಲ್ಲ ಉತ್ತರ ಕೊಡುತ್ತಿದ್ದಳು. "ಮಜ್ಜಿಗೆ ಅಷ್ಟೇ ಐತೆ. ತೊಳೆಯೋ ಪಾತ್ರೆ ಒಂದು ಜಾಸ್ತಿ ಆತು" ಎಂದಳು. ಆ ಹೊತ್ತಿಗೆ ನಾನು ಎಷ್ಟು ಗೊಂದಲಕ್ಕೆ ಬಿದ್ದಿದ್ದೆನೆಂದರೆ, ಇದು ಸರಿ ಉತ್ತರವೇ ಎಂದು ಟಿಪ್ಪಣಿ ಪುಸ್ತಕ ತೆಗೆದು ನೋಡಿದೆ. ಆಮೇಲೆ ಹುಡುಗಿಯ ವಿಷಯವನ್ನೆಲ್ಲ ಹೇಳಿ, ನೀನಾದರೆ ಏನು ಮಾಡುತ್ತಿದ್ದೆ ಎಂದೆ. "ಎರಡು ಅಂಕ ನಿಮ್ಮಪ್ಪನ ಮನೆಯಿಂದ ತರ್ತೀರಾ? ಹಾಕ್ರಿ ಅತ್ಲಾಗೆ" ಎಂದು ಲೋಟ ತೊಳೆಯಲು ಹೋದಳು. ಅದು ಶಾಸ್ತ್ರೀಯವಲ್ಲ ಎಂದು ನಾನು ಅವಳ ಬೆನ್ನಿಗೆ ಹೇಳಿದೆ.

ಮರುದಿನ ಹೊಸ ಮಡಕೆ ಬಂದಿತ್ತು, ನೀರೂ ಇತ್ತು. ಖೈರೂನಮ್ಮ ಬಾಗಿಲಿನ ಹತ್ತಿರ ನಿಂತು, "ಚೆನ್ನಾಗಿ ಯೋಚ್ನೆ ಮಾಡಿ ಹೇಳು ಬೇಟಿ. ಮೇಷ್ಟ್ರ ಮುಖ ನೋಡಿ ಹೇಳು" ಎಂದರು. ಮುಖ ನೋಡಬಾರದು, ನೀರು ನೋಡಬೇಕು ಎಂದು ಹೇಳಬೇಕೆಂದಿದ್ದೆ, ಹೇಳಲಿಲ್ಲ. ಎರಡು ಪಾವು ನೀರು ತುಂಬಿ, ಒಂದನ್ನು ಒಂದು ಹನಿಯೂ ಚೆಲ್ಲದಂತೆ ಲೋಟಕ್ಕೆ ಸುರಿದೆ. ನಸೀಮಾ ನೀರನ್ನು ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು.

"ಎರಡೂ ಒಂದೇ ಸಾರ್."

ಯಾಕೆ ಎಂದು ಕೇಳಬೇಕು. ಕಾರಣ ಹೇಳಿದರೆ ಮಾತ್ರ ಬುದ್ಧಿ ಬಂದಿದೆ ಎಂದು ಲೆಕ್ಕ, ಬರೀ ಉತ್ತರ ಸಾಲದು. ಕೇಳಿದೆ. ಅವಳು ಕೊಟ್ಟ ಕಾರಣ ಇದು: "ನೀರನ್ನ ಎಷ್ಟು ಕುಟ್ಟಿದ್ರೂ ಕುಂದ್ರಂಗಿಲ್ಲ ಸಾರ್." ಮಂಡಕ್ಕಿಗೂ ನೀರಿಗೂ ಇರುವ ವ್ಯತ್ಯಾಸವನ್ನು ನನ್ನ ತರಬೇತಿಯ ಪಂಡಿತರೂ ಇಷ್ಟು ಚೆನ್ನಾಗಿ ಹೇಳಿರಲಿಲ್ಲ. ಈ ಮಾತು ಹೇಳಿ ನಾನು ಎಷ್ಟೋ ಶಿಕ್ಷಕರ ಸಭೆಗಳಲ್ಲಿ ಚಪ್ಪಾಳೆ ಗಿಟ್ಟಿಸಿದ್ದೇನೆ. ಆದರೆ ಈ ಕಥೆಯ ಎಲ್ಲ ಆವೃತ್ತಿಗಳನ್ನೂ ಅಡುಗೆಮನೆಯಿಂದ ಕೇಳಿಸಿಕೊಂಡಿರುವ ನನ್ನ ಹೆಂಡತಿ, "ಆ ಮಾತು ಆಗ ಇರಲಿಲ್ಲ. ನಾವು ಜಗಳೂರಿಗೆ ಹೋದ ಮೇಲೆ ಸೇರಿಕೊಂಡಿದ್ದು" ಎನ್ನುತ್ತಾಳೆ. ಅವಳ ಪ್ರಕಾರ, ಆ ದಿನ ಮನೆಗೆ ಬಂದು ನಾನು ಹೇಳಿದ್ದು, ಯಾಕೆ ಎಂದು ಕೇಳಿದ್ದಕ್ಕೆ ಹುಡುಗಿ ತಲೆ ತಗ್ಗಿಸಿ ನಿಂತಳು ಎಂದಷ್ಟೇ. ನನಗೆ ಎರಡೂ ಕಣ್ಣಿಗೆ ಕಟ್ಟಿದಂತೆ ಕಾಣುತ್ತವೆ.

ಅಂಕ ಹಾಕಿದ್ದು ಮಾತ್ರ ಸುಳ್ಳಲ್ಲ. ಹದಿಮೂರರ ಪಕ್ಕದ ತಪ್ಪು ಗುರುತನ್ನು ಹೊಡೆದುಹಾಕಿ, ಸರಿ ಗುರುತು ಮಾಡಿ, ಎರಡು ಅಂಕ ಕೊಟ್ಟು ಸಹಿ ಮಾಡಿದೆ. ಮಾವಿನ ಗಿಡ ಹಾಗೆಯೇ ತಪ್ಪಾಗಿ ಉಳಿಯಿತು. ರುದ್ರಪ್ಪನವರು ಪತ್ರಿಕೆ ನೋಡಿ, ನನ್ನನ್ನು ನೋಡಿ, ಪಟ್ಟಿಯಲ್ಲಿ ಉತ್ತೀರ್ಣ ಎಂದು ಬರೆದು ಹೊನ್ನಾಳಿಗೆ ಕಳಿಸಿದರು. ನಸೀಮಾ ಮೂರನೇ ಕ್ಲಾಸಿಗೆ ಬಂದಳು. ಒಂದು ವರ್ಷ ದಿನಾ ನನ್ನ ಎದುರಿಗೇ ಕೂತಿದ್ದಳು. ಮುಂದಿನ ವರ್ಷ ನನಗೆ ಜಗಳೂರಿಗೆ ವರ್ಗವಾಯಿತು. ಅವಳು ಆಮೇಲೆ ಎಷ್ಟು ಓದಿದಳೋ, ಜರಡಿ ಹಿಡಿದಳೋ, ವಿಚಾರಿಸಲಿಲ್ಲ.

ಆ ಒಂದು ವರ್ಷದಲ್ಲಿ ಯಾವತ್ತಾದರೂ, "ಹದಿಮೂರು ಅಂತ ಯಾಕೆ ಬರೆದೆ ನಸೀಮಾ?" ಎಂದು ಅವಳನ್ನೇ ಕೇಳಬಹುದಿತ್ತು. ಅದಕ್ಕೆ ಪಾವೂ ಬೇಕಿರಲಿಲ್ಲ, ಲೋಟವೂ ಬೇಕಿರಲಿಲ್ಲ. "ಮಗ್ಗಿ ತಪ್ಪಿತು ಸಾರ್" ಎಂದುಬಿಟ್ಟರೆ ಏನು ಮಾಡುವುದೆಂದು ಹೆದರಿ ಸುಮ್ಮನಿದ್ದೆ. ಆ ಹದಿಮೂರು ಎಲ್ಲಿಂದ ಬಂತು ಎಂದು ನನಗೆ ಇವತ್ತಿಗೂ ಗೊತ್ತಿಲ್ಲ.