ಎರಡು ಒತ್ತುಗಳಿಗಾಗಿ ಸೌಂದರ್ಯ ಸಮಿತಿಗೆ ಒಂದು ಅರಿಕೆ

ಲಿಂಡೆನ್‌ವೀನ್ ಪೌರಸಭೆಯ ಕಟ್ಟಡ ಸೌಂದರ್ಯ ಸಮಿತಿಯ ಘನ ಅಧ್ಯಕ್ಷರಿಗೂ ಸಮಸ್ತ ಸದಸ್ಯರಿಗೂ,

೪ ನವೆಂಬರ್ ೧೯೯೯

ಮಾನ್ಯರೇ,

ಮೋಲನ್‌ಸ್ಟ್ರಾಟ್ ಬೀದಿಯ ಹದಿನೇಳನೇ ನಂಬರಿನಲ್ಲಿ ಅಕ್ಕಿ, ಬೇಳೆ, ಹುಣಸೆಹಣ್ಣು ಮಾರುವ ವತ್ಸಲಾ ದಿವಾಕರ ಎಂಬವಳು ಮಾಡುವ ಅನಂತ ನಮಸ್ಕಾರಗಳು. ತಾವೆಲ್ಲರೂ ಕ್ಷೇಮವೆಂದೂ, ತಮ್ಮ ಸೈಕಲ್ಲುಗಳೂ ಕ್ಷೇಮವೆಂದೂ, ಈ ವಾರ ಬೀಸಿದ ಗಾಳಿಗೆ ತಮ್ಮ ಕಡತಗಳಿಂದ ಒಂದು ಹಾಳೆಯೂ ಹಾರಿಹೋಗಿಲ್ಲವೆಂದೂ ನಂಬಿದ್ದೇನೆ. ಈ ಪತ್ರವನ್ನು ಕನ್ನಡದಲ್ಲೇ ಬರೆಯುತ್ತಿರುವುದಕ್ಕೆ ಕ್ಷಮೆಯಿರಲಿ. ಎಂಟು ವರ್ಷದ ನನ್ನ ಮಗಳು ಸ್ಮೃತಿ ಮಾಡಿದ ಡಚ್ ಅನುವಾದವನ್ನು ಲಗತ್ತಿಸಿದ್ದೇನೆ. ಮೂಲವನ್ನು ತಾವು ಓದಲಾಗದಿದ್ದರೂ, ನಮ್ಮ ಲಿಪಿಯನ್ನು ತಾವು ಅಲಂಕಾರವೆಂದು ಈಗಾಗಲೇ ತೀರ್ಮಾನಿಸಿರುವುದರಿಂದ, ಕಚೇರಿಯ ಗೋಡೆಗೆ ತೂಗುಹಾಕಿಕೊಳ್ಳಬಹುದು.

ಮೊದಲಿಗೆ ನಮ್ಮ ಬೀದಿಯನ್ನು ತಾವು ಉದ್ಧಾರ ಮಾಡಿದ ಬಗೆಯನ್ನು ಹೊಗಳದೆ ಮುಂದೆ ಹೋದರೆ ನನ್ನ ಬಾಯಿಗೆ ಹುಳು ಬಿದ್ದೀತು. ಹದಿನಾಲ್ಕು ತಿಂಗಳು ಬೀದಿಯನ್ನು ಅಗೆದು, ಇದ್ದ ಹಳೆಯ ಇಟ್ಟಿಗೆಗಳನ್ನು ಕಿತ್ತು ಲಾರಿಗೆ ತುಂಬಿಸಿ, ಅವುಗಳ ಜಾಗದಲ್ಲಿ ಹಳೆಯದರಂತೆಯೇ ಕಾಣುವ ಹೊಸ ಇಟ್ಟಿಗೆಗಳನ್ನು ಹಾಸಿದ್ದೀರಿ. ಹಳೆಯ ದೀಪದ ಕಂಬಗಳನ್ನು ತೆಗೆದು, ಅವುಗಳಿಗಿಂತ ನೂರು ವರ್ಷ ಹಳೆಯದಾಗಿ ಕಾಣುವ ಹೊಸ ಕಂಬಗಳನ್ನು ನೆಟ್ಟಿದ್ದೀರಿ. ಎಲ್ಲ ಅಂಗಡಿಗಳ ಬಾಗಿಲಿಗೂ ಒಂದೇ ಗಾಢ ಹಸಿರು ಬಳಿಸಿದ್ದರಿಂದ ಔಷಧಿ ಬೇಕಾದವರು ಮೀನಿನಂಗಡಿಗೂ ಮೀನು ಬೇಕಾದವರು ನನ್ನ ಅಂಗಡಿಗೂ ಬಂದು ಪರಿಚಯವಾಗಿ, ಬೀದಿಯಲ್ಲಿ ಸ್ನೇಹ ಬೆಳೆದಿದೆ. ಇಷ್ಟೆಲ್ಲ ತಾವು ಮಾಡಿದ್ದು ಬೀದಿಗೆ 'ರುಸ್ತ್' ಬರಲೆಂದು, ಅಂದರೆ ನೆಮ್ಮದಿ ಬರಲೆಂದು, ತಮ್ಮ ಕೈಪಿಡಿಯಲ್ಲೇ ಓದಿದ್ದೇನೆ.

ಆ ಕೈಪಿಡಿಯಂತೂ ಎಷ್ಟು ಸ್ಪಷ್ಟ ಅಂತೀರಿ! ಅದರ ಹನ್ನೆರಡನೇ ಪುಟದಲ್ಲಿ, ಅಂಗಡಿಯ ಗಾಜಿನಿಂದ ಹೊರಗಿರುವುದೆಲ್ಲ ಸಮಿತಿಯ ವಿಚಾರ, ಗಾಜಿನಿಂದ ಒಳಗಿರುವುದೆಲ್ಲ ಅಂಗಡಿಯವರ ವಿಚಾರ ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಹೊರಗಿನ ಫಲಕದ ಪಟ್ಟಿ ನಲವತ್ತು ಸೆಂಟಿಮೀಟರ್ ಎತ್ತರ, ಅದರಲ್ಲಿ ಒಂದೇ ಸಾಲು, ಅಕ್ಷರಗಳಿಗೆ ಮಾತ್ರ ಅವಕಾಶ, ಅಲಂಕಾರಕ್ಕೆ ಇಲ್ಲ. ಇಷ್ಟು ಸರಳವಾದ ಮಾತಿನಲ್ಲಿ ಜಗಳ ಹುಟ್ಟುವುದಕ್ಕೆ ಜಾಗವೆಲ್ಲಿದೆ ಎಂದು ಅಂದುಕೊಂಡಿದ್ದೆ, ಮಾನ್ಯರೇ. ಅದು ನನ್ನ ತಿಳಿಗೇಡಿತನ.

ಈಗ ವಿಷಯಕ್ಕೆ ಬರುತ್ತೇನೆ. ನಮ್ಮ ತಂದೆ ಹಾಲಪ್ಪನವರು ದಾವಣಗೆರೆಯಲ್ಲಿ ಬೋರ್ಡ್ ಬರೆಯುವವರು. ನಲವತ್ತೊಂದು ವರ್ಷ ಅದೇ ಕಸುಬು. ಮಂಡಿಪೇಟೆಯ ವರ್ತಕರ ಹೆಸರು, ದರ್ಜಿಗಳ ಹೆಸರು, ವೈದ್ಯರ ಹೆಸರು ಮತ್ತು ಅವರ ಉದ್ದುದ್ದ ಡಿಗ್ರಿಗಳು, ಲಾರಿಯ ಹಿಂದಿನ ಸಾಲುಗಳು, ಎಲ್ಲವೂ ಅವರ ಕೈಯವೇ. ಹೋಟೆಲಿನ ಗಾಜಿನ ಮೇಲೆ ಒಳಗಿನಿಂದ ಉಲ್ಟಾ ಬರೆದು ಹೊರಗೆ ನೇರವಾಗಿ ಕಾಣಿಸುವುದರಲ್ಲಂತೂ ಅವರನ್ನು ಬಿಟ್ಟರಿಲ್ಲ ಎಂದು ಊರಿಗೆ ಊರೇ ಹೇಳುತ್ತಿತ್ತು. ಆದರೆ ನಮ್ಮ ತಾಯಿ ರಾಜಮ್ಮನವರಿಗೆ ಒಂದೇ ಒಂದು ದೂರಿತ್ತು. "ಊರಾಗಿರೋ ಎಲ್ಲಾರ ಹೆಸರೂ ಬರೀತೀರಿ, ನನ್ನ ಹೆಸರು ಯಾವಾಗ ಬರೀತೀರಿ?" ಎಂದು ಊಟಕ್ಕೆ ಬಡಿಸುವಾಗ ಛೇಡಿಸುತ್ತಿದ್ದರು. "ನೀನು ಅಂಗಡಿ ಇಡು, ಬರೀತೀನಿ" ಎಂದು ತಂದೆ ನಗುತ್ತಿದ್ದರು. ಹೋದ ವರ್ಷ ತಾಯಿ ತೀರಿಕೊಂಡರು. ನಾನು ಅಂಗಡಿ ಇಟ್ಟೆ.

ಆಗಸ್ಟ್ ಹದಿನೈದಕ್ಕೆ ತಂದೆ ಮೂರು ತಿಂಗಳ ವೀಸಾದಲ್ಲಿ ಇಲ್ಲಿಗೆ ಬಂದಿಳಿದರು. ಬಂದವರು ಹಾಲೆಂಡಿನ ಗಾಳಿಯಂತ್ರವನ್ನೂ ಕೇಳಲಿಲ್ಲ, ಹೂವಿನ ತೋಟವನ್ನೂ ಕೇಳಲಿಲ್ಲ. ಪೆಟ್ಟಿಗೆ ತೆರೆದು ಬಟ್ಟೆಯ ನಡುವಿನಿಂದ ಐದು ಕುಂಚ ತೆಗೆದು, ಹಲಗೆ ಎಲ್ಲಿ ಎಂದರು. ದಾರಕ್ಕೆ ಸೀಮೆಸುಣ್ಣ ಬಳಿದು, ಒಂದು ತುದಿಯನ್ನು ಸ್ಮೃತಿಯ ಕೈಗೆ ಕೊಟ್ಟು, ಗೆರೆ ಹೊಡೆದರು. ಒಂಬತ್ತು ದಿನ ಕೂತು ಬರೆದರು. ಹಳದಿ ಅಕ್ಷರ, ಕೆಂಪು ಅಂಚು, ಬಲಕ್ಕೆ ಕಪ್ಪು ಶೇಡ್: "ರಾಜಮ್ಮನ ಅಕ್ಕಿ ಅಂಗಡಿ".

ಅದರ ನಕ್ಷೆಯನ್ನು ತಮ್ಮ ಪಾದಕ್ಕೆ ಅರ್ಪಿಸಿದೆ. ಅಕ್ಟೋಬರ್ ಹನ್ನೊಂದಕ್ಕೆ ತಮ್ಮ ತೀರ್ಪು ಬಂತು. ಬಣ್ಣ ಒಪ್ಪಿಗೆ, ಎತ್ತರ ಒಪ್ಪಿಗೆ, ಅಂಗಡಿ ಎಂಬ ಪದದ ಸೊನ್ನೆಯನ್ನು ತಾವು ಮನೆಯ ನಂಬರಿನ ಭಾಗವೆಂದು ಭಾವಿಸಿ ಅದಕ್ಕೂ ಒಪ್ಪಿಗೆ. ಆದರೆ "ಸಾಲಿನ ಕೆಳಗೆ ಜೋತಾಡುವ ಎರಡು ಸಣ್ಣ ಸುರುಳಿಗಳು ಅಲಂಕಾರಗಳಾಗಿದ್ದು, ಪಟ್ಟಿಯಿಂದ ಹದಿನಾಲ್ಕು ಸೆಂಟಿಮೀಟರ್ ಕೆಳಗಿಳಿದು ಬೀದಿಯ ನೆಮ್ಮದಿ ಕೆಡಿಸುತ್ತವೆ, ತೆಗೆದು ಹೊಸ ನಕ್ಷೆ ಸಲ್ಲಿಸತಕ್ಕದ್ದು" ಎಂದಿತ್ತು.

ಮಾನ್ಯರೇ, ಆ ಸುರುಳಿಗಳಿಗೆ ಒತ್ತು ಎನ್ನುತ್ತಾರೆ. ಒಂದು ಮ-ಕಾರದ ಒತ್ತು, ಒಂದು ಕ-ಕಾರದ ಒತ್ತು. ನಮ್ಮಲ್ಲಿ ಮಕ್ಕಳು ಶಾಲೆಯಲ್ಲಿ ಅವನ್ನು ಮರೆತರೆ ಮೇಷ್ಟ್ರು ಕಿವಿ ಹಿಂಡುತ್ತಾರೆ. ಇಲ್ಲಿ ನೆನಪಿಟ್ಟುಕೊಂಡಿದ್ದಕ್ಕೆ ನಮ್ಮ ತಂದೆಯ ಕಿವಿ ಹಿಂಡಲಾಗಿದೆ. ಅರವತ್ತೇಳು ವರ್ಷ ದಾವಣಗೆರೆಯ ಬಿಸಿಲಲ್ಲಿ ಯಾರ ತಂಟೆಗೂ ಹೋಗದೆ ಬಾಳಿದ ಆ ಮನುಷ್ಯ ಒಂದು ಪರದೇಶದ ಬೀದಿಯ ನೆಮ್ಮದಿ ಕೆಡಿಸಿದರು ಎಂದರೆ ನನಗೆ ಹೆಮ್ಮೆಯೇ ಆಯಿತು.

ಆದರೂ ತಮ್ಮ ಮಾತಿಗೆ ಬೆಲೆ ಕೊಡಬೇಕೆಂದು, ಒತ್ತುಗಳನ್ನು ಬಿಟ್ಟು ನಾನೇ ಒಂದು ಹೊಸ ನಕ್ಷೆ ಬರೆದು ಗಲ್ಲಾಪೆಟ್ಟಿಗೆಯ ಮೇಲಿಟ್ಟಿದ್ದೆ. ಜೋಳದ ಹಿಟ್ಟಿಗೆಂದು ಆಮ್ಸ್ಟೆಲ್‌ವೀನ್‌ನಿಂದ ಬರುವ ನೀಲಾಂಬಿಕಾ ಅವರು ಧಾರವಾಡದವರು. ಅವರ ಕಡೆ 'ಅಕಿ' ಎಂದರೆ 'ಅವಳು' ಎಂದರ್ಥ. ಅವರು ನಕ್ಷೆಯನ್ನು ಎತ್ತಿ "ರಾಜಮನ ಅಕಿ ಅಂಗಡಿ" ಎಂದು ಗಟ್ಟಿಯಾಗಿ ಓದಿ, ಕಣ್ಣರಳಿಸಿ, "ಯಾರ್ರೀ ವತ್ಸಲಾ ಈ ರಾಜಮ? ಅಕಿ ಯಾರು? ಇಬ್ಬರೂ ಕೂಡಿ ಅಂಗಡಿ ಇಟ್ಟಾರೇನು?" ಎಂದರು. ಮಾನ್ಯರೇ, ತಮ್ಮ ಎರಡು ಸುರುಳಿಗಳ ಉಳಿತಾಯದಿಂದ ನಮ್ಮ ತಾಯಿ, ಗಂಡನ ಊಟವಾಗುವವರೆಗೆ ತಟ್ಟೆ ಮುಟ್ಟದಿದ್ದ ನಮ್ಮ ತಾಯಿ, ರಾಜಮ ಎಂಬ ಯಾವನೋ ಗಂಡಸಾಗಿ, ಜೊತೆಗೊಬ್ಬ ಹೆಸರಿಲ್ಲದ ಹೆಂಗಸನ್ನೂ ಕಟ್ಟಿಕೊಂಡು, ಮೋಲನ್‌ಸ್ಟ್ರಾಟ್‌ನಲ್ಲಿ ಸಂಸಾರ ಹೂಡಿದ ಹಾಗಾಯಿತು. ಅಯ್ಯೋ ಶಿವನೇ! ನಾನು ನಕ್ಕೆ, ನಗುತ್ತಲೇ ಅತ್ತೆ.

ತಂದೆ ಮಾತ್ರ ನಗಲಿಲ್ಲ. "ಒತ್ತು ತೆಗೆದ್ರೆ ಇದರಾಗೆ ಅಮ್ಮ ಅನ್ನೋದೇ ಇರಲ್ಲ ಕಣವ್ವ. ಆಮೇಲೆ ಏನು ಬರೆದಂಗಾತು?" ಎಂದು ಕುಂಚಗಳನ್ನು ತೊಳೆದಿಟ್ಟರು. ಅವತ್ತಿನಿಂದ ಪೆಟ್ಟಿಗೆ ತೆರೆದಿಲ್ಲ.

ನನ್ನ ಯಜಮಾನರು ದಿವಾಕರ ಮೈಸೂರಿನವರು, ತಗಾದೆ ಎಂದರೆ ಅವರಿಗೆ ಆಗದು. "ಹೋಗ್ಲಿ ಬಿಡೇ, ಅಡ್ಜಸ್ಟ್ ಮಾಡ್ಕೊಳೋಣ, ಎರಡು ಒತ್ತು ತಾನೇ" ಎಂದರು. ಮಾನ್ಯರೇ, ಈ ಎರಡರ ಮಾತನ್ನು ಅವರ ಬಾಯಲ್ಲಿ ಕೇಳಿ ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಅವರ ಕೆಲಸವೇನು ಗೊತ್ತೇ? ಯಾರೋ ಬುದ್ಧಿವಂತರು ಹಿಂದೆ ಜಾಗ ಉಳಿಸಲೆಂದು ಕಂಪ್ಯೂಟರುಗಳಲ್ಲಿ ಇಸವಿಯ ಮೊದಲ ಎರಡು ಅಂಕಿಗಳನ್ನು ಕೈಬಿಟ್ಟಿದ್ದರಂತೆ. ಬರುವ ಜನವರಿ ಒಂದಕ್ಕೆ ಬ್ಯಾಂಕು, ವಿಮಾನ, ವಿದ್ಯುತ್ತು ಎಲ್ಲವೂ ಕಂಗಾಲಾಗುತ್ತವೆಂದು ಆ ಎರಡನ್ನೂ ಮತ್ತೆ ಸೇರಿಸುವುದಕ್ಕೆ ಇವರನ್ನು ವಿಮಾನದಲ್ಲಿ ಕರೆತಂದಿದ್ದಾರೆ. ತಮ್ಮ ದೇಶವೇ ಕೈಬಿಟ್ಟ ಎರಡಕ್ಕಾಗಿ ಇಷ್ಟು ಪರದಾಡುತ್ತಿರುವಾಗ, ನಮ್ಮ ಎರಡನ್ನು ಕೈಬಿಡಿ ಎಂದು ತಾವೇ ಹೇಳುವ ಧೈರ್ಯಕ್ಕೆ ತಲೆಬಾಗುತ್ತೇನೆ. ಇದನ್ನು ಅವರಿಗೂ ಹೇಳಿದ ಮೇಲೆ ಯಜಮಾನರು ಎದ್ದುಹೋಗಿ ಟೀ ಮಾಡಿಕೊಟ್ಟರು.

ಇನ್ನು ನ್ಯಾಯದ ಮಾತು. ನನ್ನ ಎಡಕ್ಕಿರುವ ಬೇಕರಿಯ ಫಲಕದ ಕೊನೆಯಲ್ಲಿ ಜೆ ಅಕ್ಷರವಿದೆ. ಬಲಕ್ಕಿರುವ ಮಾಂಸದಂಗಡಿಯ ಫಲಕದಲ್ಲಿ ಜಿ ಒಂದು, ಜೆ ಒಂದು. ಮೂರಕ್ಕೂ ಬಾಲವಿದೆ, ಮೂರು ಬಾಲಗಳೂ ಸಾಲಿನ ಕೆಳಗೆ ಇಳಿದಿವೆ. ನಾನು ಏಣಿ ಹತ್ತಿ ಟೇಪು ಹಿಡಿದು ಅಳೆದಿದ್ದೇನೆ, ಹದಿನಾರು ಸೆಂಟಿಮೀಟರ್! ಏಣಿ ಹಿಡಿದುಕೊಂಡವನು ಬೇಕರಿಯವನೇ, ಪಾಪ ಒಳ್ಳೆಯ ಮನುಷ್ಯ. ಆ ಬಾಲಗಳು ಅಕ್ಷರ, ನಮ್ಮವು ಅಲಂಕಾರ. ಇದಕ್ಕಾಗಿ ತಮ್ಮ ಮೇಲೆ ನನಗೆ ಕೋಪವಿಲ್ಲ. ನಮ್ಮ ಲಿಪಿ ಅಷ್ಟು ಚೆನ್ನಾಗಿದೆ ಎಂದು ಬರವಣಿಗೆಯಲ್ಲಿ ಕೊಟ್ಟ ಮೊದಲ ಸರ್ಕಾರಿ ಕಚೇರಿ ತಮ್ಮದು.

ಆದ್ದರಿಂದ ತಮ್ಮಲ್ಲಿ ಕೆಲವು ಸಣ್ಣ ಕೋರಿಕೆಗಳು. ಒಂದೋ ಬೀದಿಯನ್ನು ಇನ್ನೊಮ್ಮೆ ಅಗೆದು ಹದಿನಾಲ್ಕು ಸೆಂಟಿಮೀಟರ್ ತಗ್ಗಿಸಿ. ಆಗ ನಮ್ಮ ಒತ್ತುಗಳು ತಾವಾಗಿಯೇ ಎತ್ತರಕ್ಕೇರುತ್ತವೆ. ಸಮುದ್ರವನ್ನೇ ಆಚೆ ತಳ್ಳಿ ಕೂತಿರುವ ನಾಡಿಗೆ ಇದೇನು ಮಹಾ? ಇಲ್ಲವೇ ಕಟ್ಟಡವನ್ನು ಅಷ್ಟೇ ಎತ್ತಿಸಿ. ಮೇಲಿನ ಮಹಡಿಯ ಮುದುಕಿ ಒಪ್ಪಿದ್ದಾರೆ, ಅವರಿಗೆ ಕಾಲುವೆ ಇನ್ನೂ ಚೆನ್ನಾಗಿ ಕಾಣಬೇಕಂತೆ. ಅದೂ ಆಗದಿದ್ದರೆ ಕನ್ನಡ ವ್ಯಾಕರಣವನ್ನು ತಿದ್ದುವ ಬಗ್ಗೆ ತಮ್ಮ ಸಭೆಯಲ್ಲೇ ಒಂದು ಠರಾವು ಮಾಡಿ, ಎರಡು ಸಾವಿರ ವರ್ಷಗಳಿಂದ ಒತ್ತು ಹಾಕುತ್ತ ಬಂದವರಿಗೆಲ್ಲ ನೋಟಿಸು ಕಳಿಸಿ.

ಇವು ಯಾವುವೂ ಆಗದಿದ್ದರೆ ಕೊನೆಯದಾಗಿ ಒಂದು, ಇದೊಂದೇ ನಿಜವಾದದ್ದು. ತಮ್ಮ ಮುಂದಿನ ಸಭೆ ಇಪ್ಪತ್ತನಾಲ್ಕಕ್ಕೆ. ತಂದೆಯವರ ವಿಮಾನ ಹನ್ನೆರಡಕ್ಕೆ. ಆ ಫಲಕ ಮೇಲೇರಿದ್ದನ್ನು ನೋಡಿ ಹೋಗಬೇಕು ಎಂಬುದು ಬಿಟ್ಟರೆ ಅವರು ಈ ದೇಶದಿಂದ ಇನ್ನೇನನ್ನೂ ಬೇಡಿಲ್ಲ. ದಾವಣಗೆರೆಯಲ್ಲೂ ಈಗ ಎಲ್ಲರೂ ಯಂತ್ರದಲ್ಲಿ ಅಕ್ಷರ ಕತ್ತರಿಸಿ ಅಂಟಿಸುತ್ತಾರಂತೆ, ಅವರಿಗೆ ಇದೇ ಕೊನೆಯ ಬೋರ್ಡ್. ದಯವಿಟ್ಟು ಸಭೆಯನ್ನು ಎರಡು ವಾರ ಮುಂಚೆ ಕರೆಯಿರಿ. ಕಾಫಿ, ಚಕ್ಕುಲಿ ನನ್ನ ಕಡೆಯಿಂದ. ಸ್ಮೃತಿಯನ್ನು ಕೇಳಿದೆ, ಹಾಗೆ ಕೇಳಬಹುದೇ ಎಂದು. "ದತ್ ಮಾಖ್ ನೀತ್, ಮಾಮಾ" ಎಂದಳು, ಹಾಗೆಲ್ಲ ಮಾಡುವಂತಿಲ್ಲ ಅಂತ. ತಮ್ಮ ಶಾಲೆಗಳು ಬಹಳ ಚೆನ್ನಾಗಿ ಕಲಿಸುತ್ತವೆ. ಆದರೂ ಕೇಳಿದ್ದೇನೆ.

ಎರಡೂ ಪದಗಳ ಒತ್ತುಗಳನ್ನು ಉಳಿಸಿಕೊಂಡು,

ತಮ್ಮ ವಿಶ್ವಾಸಿ,
ವತ್ಸಲಾ ದಿವಾಕರ

ತಾಜಾಕಲಂ, ೧೫ ನವೆಂಬರ್: ಪತ್ರ ಅಂಚೆಗೆ ಹಾಕುವುದು ತಡವಾಯಿತು, ಕ್ಷಮಿಸಿ. ಅನುವಾದ ಮಾಡುತ್ತ ಸ್ಮೃತಿ ತಮ್ಮ ಕೈಪಿಡಿಯ ಹನ್ನೆರಡನೇ ಪುಟವನ್ನು ತಾತನಿಗೆ ಓದಿ ಹೇಳಿದ್ದೇ ಅದಕ್ಕೆ ಕಾರಣ. ತಂದೆ ಎದ್ದು ಪೆಟ್ಟಿಗೆ ತೆರೆದರು. ದೀಪಾವಳಿಯ ದಿನ ತಾವು ಬಯಸಿದಂತೆಯೇ ಒತ್ತಿಲ್ಲದ ಫಲಕ ಮೇಲೇರಿತು; ಕೆಳಗಿನೆರಡು ಸುರುಳಿಗಳನ್ನು ಅವರೇ ಬಣ್ಣ ಬಳಿದು ಮುಚ್ಚಿದರು. ಆಮೇಲೆ ಅಂಗಡಿಯೊಳಗೆ ಏಣಿ ಹಾಕಿ, ಫಲಕದ ಕೆಳಗೇ ಶುರುವಾಗುವ ಗಾಜಿನ ಮೇಲೆ, ಒಳಗಿನಿಂದ, ಉಲ್ಟಾ, ಎರಡು ಒತ್ತು ಬರೆದರು. ಗಾಜಿನ ಮರದ ಚೌಕಟ್ಟು ಮೂರು ಬೆರಳಿನಷ್ಟು ನಡುವೆ ಬಂದಿದೆ. ನೀಲಾಂಬಿಕಾ ಎದುರು ಬದಿಯಿಂದ ನೋಡಿ, "ಸ್ವಲ್ಪ ಕೆಳಗ ಜಾರ್ಯಾವ್ರೀ, ಆದ್ರ ರಾಜಮ್ಮನ ಅಂತನ ಓದಾಕ ಬರ್ತದ" ಎಂದರು. ತಂದೆ ಅದನ್ನು ಕೇಳಿಸಿಕೊಂಡು, ತಾವೂ ರಸ್ತೆ ದಾಟಿ ಹೋಗಿ ನಿಂತು, ಮೂರು ಸಲ ಓದಿ, ಹನ್ನೆರಡನೇ ತಾರೀಖು ವಿಮಾನ ಹತ್ತಿದರು.

ಈಗ ಒಂದೇ ಸಂಶಯ ಉಳಿದಿದೆ. ಸಂಜೆ ಐದಕ್ಕೆ ನಾನು ಅಂಗಡಿಯ ದೀಪ ಹಾಕಿದ ಕೂಡಲೇ ಆ ಎರಡು ಒತ್ತುಗಳ ನೆರಳು ತಮ್ಮ ಹಳೆಯದರಂತೆ ಕಾಣುವ ಹೊಸ ಇಟ್ಟಿಗೆಗಳ ಮೇಲೆ ಬೀಳುತ್ತದೆ. ನೆರಳು ಗಾಜಿನ ಒಳಗಿನದೋ, ಹೊರಗಿನದೋ? ಯಾವ ನಮೂನೆ ತುಂಬಬೇಕು ತಿಳಿಸಿ. ಆರಕ್ಕೆ ಅಂಗಡಿ ಮುಚ್ಚುತ್ತೇನೆ. ಅಲ್ಲಿಯವರೆಗೆ ಅಮ್ಮ ಬೀದಿಯಲ್ಲೇ ಇರುತ್ತಾರೆ.